ಜಗದಾಂಬ ಮುಚ್ಚದ ಕಾರ್ಡುಗಳು

ಯರ್ರಮ್ಮನ ಕಾರ್ಡು ಕಂಪ್ಯೂಟರಿನಲ್ಲಿ ತೆರೆಯಲೊಲ್ಲದು. ರಾಂಪುರದ ಆ ಮುದುಕಿಗೆ ಹೋದ ಸಲ ಯಾವುದೋ ಇಂಜೆಕ್ಷನ್ ಒಗ್ಗದೆ ಮೈಯೆಲ್ಲ ಊದಿ, ಜೀವ ಉಳಿದದ್ದೇ ಹೆಚ್ಚಾಗಿತ್ತು. ಅದರ ಹೆಸರು ಇದ್ದದ್ದು ಆ ಕಾರ್ಡಿನಲ್ಲಿ ಮಾತ್ರ. ಈಗ ಮತ್ತೆ ಜ್ವರ ನೆತ್ತಿಗೇರಿದೆ. ಡಾಕ್ಟರು ಸಿರಿಂಜು ಹಿಡಿದು ಕಾಯುತ್ತಿದ್ದಾರೆ.

"ಸೂದಿ ವದ್ದು ನಾಯನಾ," ಎಂದು ಮುದುಕಿ ತನ್ನ ತೆಲುಗಿನಲ್ಲಿ ಸೂಜಿ ಬೇಡವೆಂದು ಕೈ ಎಳೆದುಕೊಂಡು ನರಳುವುದು ಹೊರಗಿನ ಕೌಂಟರಿಗೂ ಕೇಳಿಸುತ್ತಿತ್ತು.

ಚಳ್ಳಕೆರೆಯ ಆ ನರ್ಸಿಂಗ್ ಹೋಮಿನ ಸರ್ವರ್‌ಗೆ ವಾರದಿಂದ ಇದೇ ರೋಗ. ಮಧ್ಯಾಹ್ನವಾಯಿತೆಂದರೆ 'ಮೆಮೊರಿ ಸಾಲದು' ಎಂದು ಮುಷ್ಕರ ಹೂಡುತ್ತಿತ್ತು. ದುರ್ಗದಿಂದ ರಿಪೇರಿಗೆ ಬಂದಿದ್ದ ರವಿಕಿರಣ್ ಕೊನೆಗೂ ಕಾರಣ ಹಿಡಿದ. ಯಾರೋ ತೆರೆದ ಕಾರ್ಡುಗಳನ್ನು ಮುಚ್ಚದೆ ಬಿಟ್ಟಿದ್ದಾರೆ, ಒಂದೊಂದೂ ಇಷ್ಟಿಷ್ಟು ಮೆಮೊರಿ ಹಿಡಿದುಕೊಂಡು ಕೂತಿದೆ. ಎಲ್ಲವೂ ಕೌಂಟರಿನ ಜಗದಾಂಬಳ ಕಂಪ್ಯೂಟರಿನವು. ಅದನ್ನು ಹಗಲಾಗಲಿ ರಾತ್ರಿಯಾಗಲಿ ಆರಿಸುವ ಪದ್ಧತಿಯೇ ಇರಲಿಲ್ಲ.

"ಏನಕ್ಕ ಇದು, ಸಂತೆ ನೆರೆಸಿದ್ದೀರಲ್ಲ! ನೋಡಿ ಆದ್ಮೇಲೆ ಮುಚ್ಚಬಾರ್ದಾ?"

"ಕಾಯಿಲೆಯೋರು ಒಳಗೆ ಮಲಗಿರುವಾಗ ಅವ್ರ ಕಾರ್ಡು ಮುಚ್ತಾರೇನಪ್ಪಾ? ಅಪಶಕುನ. ವಾಸಿಯಾಗಿ ಮನೆಗೆ ಹೋದ್ಮೇಲೇ ನಾನು ಮುಚ್ಚೋದು."

"ವಾರ್ಡ್‌ನಾಗೆ ಹತ್ತು ಜನಾನೂ ಇಲ್ಲ. ಇಲ್ಲಿ ನೋಡಿದ್ರೆ ಅದರ ಮೂರರಷ್ಟೈತೆ."

ಜಗದಾಂಬ ತಲೆ ತಗ್ಗಿಸಿದಳು. "ಉಳಿದೋರು ಮನೆಗೆ ಹೋಗ್ಲಿಲ್ಲ."

ಇಲ್ಲೇ ತೀರಿಕೊಂಡವರು! ರವಿಕಿರಣನ ದನಿ ತಾನಾಗಿ ಇಳಿಯಿತು. "ಯರ್ರಮ್ಮನ ಜೀವ ಇನ್ನೂ ಐತಕ್ಕ. ಇಲ್ಲಿಂದ ನಾನೇ ಎಲ್ಲಾನೂ ಒಂದೇ ಸಲ ಕಡಿದು ಹಾಕ್ಲಾ?"

"ಬ್ಯಾಡ. ಅವ್ರನ್ನ ಹಂಗೆ ಕಡಿಬ್ಯಾಡ. ನಾನೇ ಮುಚ್ತೀನಿ."

ಅವಳು ಬೇಗಬೇಗ ಮುಚ್ಚತೊಡಗಿದಳು. ಸ್ವಲ್ಪ ಹೊತ್ತಿಗೆ ಯರ್ರಮ್ಮನ ಕಾರ್ಡು ತೆರೆಯಿತು. ರವಿಕಿರಣ್ ಇಂಜೆಕ್ಷನ್ನಿನ ಹೆಸರನ್ನು ಗಟ್ಟಿಯಾಗಿ ಓದಿದ. ಒಳಗೆ ಡಾಕ್ಟರು ಸಿರಿಂಜನ್ನು ಟ್ರೇಯಲ್ಲಿಟ್ಟು, ಬೇರೆ ಔಷಧಿ ತರುವಂತೆ ನರ್ಸಿಗೆ ಸನ್ನೆ ಮಾಡಿದರು.

ಕೆಲಸ ಆಯಿತು, ಸಾಕು ಎಂದು ರವಿಕಿರಣ್ ಹೇಳಿದರೂ ಜಗದಾಂಬ ನಿಲ್ಲಿಸಲಿಲ್ಲ. ವಾಸಿಯಾಗಿ ಹೊರಟವರಿಗೆ, ಮತ್ತೆ ಆಸ್ಪತ್ರೆ ಕಾಣದಿರಲಿ ಎಂದು, 'ಹೋಗಿ ಬರ್ರಿ' ಎಂಬ ಮಾತನ್ನು ಅಪ್ಪಿತಪ್ಪಿಯೂ ಆಡದವಳು ಅವಳು. ಈಗ ತೀರಿಕೊಂಡವರ ಕಾರ್ಡುಗಳನ್ನು ಮುಚ್ಚುತ್ತಾ ಒಬ್ಬೊಬ್ಬರಿಗೂ ಮೆಲ್ಲಗೆ ಹೇಳುತ್ತಿದ್ದಳು:

"ಹೋಗಿ ಬಾರಮ್ಮ ಸೂರಮ್ಮ... ಜೋಗಪ್ಪಣ್ಣ, ಹೋಗಿ ಬರ್ರಿ."