ಭಾರತಮ್ಮನ ಓಟಿಪಿ

“ನಿನ್ನ ಕಂಪನೀನ ಯಾರೋ ದೊಡ್ಡ ಕಂಪನಿಯೋರು ಕೊಂಡ್ಕೊಂಡ್ರಂತೆ. ನೀನು ಮಾಡ್ಕೊಟ್ಟ ನನ್ನ ಮಾವಿನಹಣ್ಣಿನ ವೆಬ್‌ಸೈಟೂ ಅವರ ಪಾಲಾಯ್ತೇನೋ, ರಹೀಲ್?” ಬೈರಕೂರಿನಿಂದ ಮುಳಬಾಗಿಲಿನ ಅವನ ಆಫೀಸಿಗೆ ಓಡಿಬಂದಿದ್ದ ಭಾರತಮ್ಮ ಫೋನನ್ನು ಅವನ ಮೇಜಿನ ಮೇಲಿಟ್ಟಳು.

ರಹೀಲ್ ಕಂಪ್ಯೂಟರಿನ ಪರದೆಯನ್ನು ಆಕೆಯತ್ತ ತಿರುಗಿಸಿದ. ಮಾಲೀಕರು ಎಂಬಲ್ಲಿ ಆಕೆಯದೇ ಹೆಸರು, ಆಕೆಯದೇ ನಂಬರು. “ನಾನು ಮಾರಿದ್ದು ನನ್ನ ಕಂಪನೀನ ಅಕ್ಕಾ, ನಿಮ್ಮ ವೆಬ್‌ಸೈಟನ್ನಲ್ಲ. ನಿಮ್ಮ ಫೋನಿಗೆ ಬರೋ ಓಟಿಪಿ ಇಲ್ದೆ ಅದನ್ನ ಯಾರೂ ಮುಟ್ಟಕ್ಕಾಗಲ್ಲ. ಅವರು ಸರಿಹೋಗ್ಲಿಲ್ವಾ, ಬೇರೆ ಕಂಪನಿಗೆ ಎತ್ಕೊಂಡು ಹೋಗಿ.”

ಎಂಟು ವರ್ಷ ವೆಬ್‌ಸೈಟಿನಲ್ಲಿ ಏನು ತಿದ್ದಬೇಕಾದರೂ ಅವನು ಆ ಓಟಿಪಿ ಕೇಳಿ ಫೋನು ಮಾಡುತ್ತಿದ್ದ. ತೋಟದ ಕೆಲಸ ಬಿಟ್ಟು ಅಂಕಿ ಓದುವಾಗೆಲ್ಲ ಭಾರತಮ್ಮ ರೇಗುತ್ತಿದ್ದಳು: “ನಿನ್ನ ನಂಬರೇ ಹಾಕ್ಕೊಳ್ಳಬಾರದೇನೋ?” ಅವನು ಒಮ್ಮೆಯೂ ಹಾಕಿಕೊಂಡಿರಲಿಲ್ಲ.

“ವೆಬ್‌ಸೈಟಿಂದು ಪೂರ್ತಿ ಒಂದು ಕಾಪಿ ತೆಗೆದುಕೊಡ್ತೀನಿ, ನಿಮ್ಮ ಹತ್ರಾನೂ ಇರ್ಲಿ,” ಎಂದ ರಹೀಲ್. ಫೋನಿಗೆ ಓಟಿಪಿ ಬಂತು. ಭಾರತಮ್ಮ ಕನ್ನಡಕ ಹಾಕಿಕೊಂಡು, ಮೊದಲ ಸಲ ಗೊಣಗದೆ, ಆರೂ ಅಂಕಿಗಳನ್ನು ಒಂದೊಂದಾಗಿ ಓದಿದಳು.