ಇಲ್ಲದ ಸಕ್ಕರೆ

“ಚಹಾ ಬ್ಯಾಡ್ರಿ ಅವ್ವಾರ, ನನಗ ಸಕ್ಕರಿ ಐತಿ.”

ಮಾತು ಹೊರಬಿದ್ದ ಮೇಲೆ ಸಿದ್ದಲಿಂಗೇಶನಿಗೇ ಗಾಬರಿಯಾಯಿತು. ಮೂವತ್ತೆರಡರ ಗಟ್ಟಿ ಆಳು, ಸಕ್ಕರೆ ಕಾಯಿಲೆಯ ಸುಳಿವೂ ಇಲ್ಲ. ಹನಿ ನೀರಾವರಿ ಪೈಪು ಮಾರುವ ಅವನ ಕಂಪನಿಗೆ ಹೊಸಬರು ಸೇರಿದರೆ, ‘ರೈತರ ಮನೆಯಲ್ಲಿ ಚಹಾ ಕುಡಿಯದೆ ಮೇಲೇಳಬೇಡಿ, ಸಂಬಂಧ ಬೆಳೆಯುವುದೇ ಅಲ್ಲಿ’ ಎಂದು ಪಾಠ ಹೇಳುವವನೂ ಇವನೇ!

ಬಬಲೇಶ್ವರದ ಕಡೆಯ ದ್ರಾಕ್ಷಿ ಬೆಳೆಗಾರರ ಸಂಘಕ್ಕೆ ಗೌತಮ ಕಾರ್ಯದರ್ಶಿ. ನಲವತ್ತು ತೋಟಗಳ ಪೈಪು ಅವನ ಒಂದು ಮಾತಿನ ಮೇಲೆ ನಿಂತಿತ್ತು. ಸಿದ್ದಲಿಂಗೇಶ ಆರು ತಿಂಗಳಿಂದ ‘ಅಣ್ಣಾ, ಅಣ್ಣಾ’ ಎನ್ನುತ್ತ, ಹುಟ್ಟುಹಬ್ಬ ನೆನಪಿಟ್ಟು ಅವನನ್ನು ಹಚ್ಚಿಕೊಂಡಿದ್ದ. ಜಾತಿ ತಿಳಿಸುವ ಅಡ್ಡಹೆಸರು ಮಾತ್ರ ಕೇಳಿರಲಿಲ್ಲ. ಇವತ್ತು ಗೌತಮನೇ ಪ್ರೀತಿಯಿಂದ ಇಬ್ರಾಹಿಂಪುರದ ಮನೆಗೆ ಕರೆತಂದಿದ್ದ. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ ಕಂಡದ್ದೇ ತಡ, ಚಿಕ್ಕಂದಿನಲ್ಲಿ ಹಿರಿಯರು ಹೇಳಿಕೊಟ್ಟ ‘ಅವರ ಮನ್ಯಾಗ ನೀರೂ ಮುಟ್ಟಬ್ಯಾಡ’ ಒಳಗಿನಿಂದ ಎದ್ದು ಬಂತು. ನಾಲಿಗೆ ಅವನನ್ನು ಕೇಳದೆಯೇ ಸುಳ್ಳಾಡಿತ್ತು.

ಗೌತಮನ ತಾಯಿ ಹನಮವ್ವ ಚಹಾದ ಕಪ್ಪು-ಬಸಿ ಹಿಡಿದುಕೊಂಡೇ ಮರುಗಿದಳು. “ಯಪ್ಪಾ, ಇಷ್ಟು ಸಣ್ಣ ವಯಸ್ಸಿಗೆ ಬರಬಾರದಿತ್ತ ನೋಡು.”

ನಾಲ್ಕು ದಿನ ಬಿಟ್ಟು ಸಂಘದ ಸದಸ್ಯ, ಜೈನಾಪುರದ ಗುರುಪಾದಯ್ಯನವರ ಪಡಸಾಲೆಯಲ್ಲಿ ಸಿದ್ದಲಿಂಗೇಶ ಎರಡನೇ ಕಪ್ಪು ಚಹಾ ಹೀರುತ್ತಿದ್ದ. ಸಕ್ಕರೆ ಸಾಲದೆಂದು ಕೇಳಿ ಹಾಕಿಸಿಕೊಂಡದ್ದು. ಸಂಘದ ಕಾಗದಕ್ಕೆ ಸಹಿ ಮಾಡಿಸಲು ಬಂದ ಗೌತಮ ಬಾಗಿಲಲ್ಲೇ ನಿಂತ. ಕಪ್ಪು ನೋಡಿದ, ಇವನ ಮುಖ ನೋಡಿದ. “ನಮಸ್ಕಾರ್ರಿ” ಎಂದಷ್ಟೇ ಅಂದ. ಆಮೇಲೆ ಅವನಿಗೆ ಫೋನ್ ಮಾಡುವಷ್ಟು ಮುಖ ಸಿದ್ದಲಿಂಗೇಶನಿಗೆ ಉಳಿಯಲಿಲ್ಲ.

ಹದಿನೈದು ದಿನದ ಮೇಲೆ ಗೌತಮನೇ ಫೋನ್ ಮಾಡಿದ. “ಮನೀಗೆ ಬಂದು ಹೋಗ್ರಿ. ಅವ್ವ ಕೇಳಾಕತ್ತಾಳ.”

ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದ. ಹನಮವ್ವ ಒಂದು ಡಬ್ಬಿ ತಂದು ಅವನ ಕೈಗಿಟ್ಟಳು. “ನೇರಲ ಬೀಜದ ಪುಡಿ. ಮಾಳಗಿ ಮ್ಯಾಲ ಒಣಗಿಸಿ ನಾನೇ ಕುಟ್ಟೇನಿ. ದಿನಾ ಮುಂಜಾನೆ ಬರೇ ಹೊಟ್ಟಿಲೆ ಒಂದ್ ಚಮಚ ತಗೊ. ಎಂಥಾ ಸಕ್ಕರಿ ಇದ್ರೂ ಇಳೀತೈತಿ.” ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಇಂಥ ನಾಚಿಕೆ ಸಿದ್ದಲಿಂಗೇಶನಿಗೆ ಜನ್ಮದಲ್ಲಿ ಆಗಿರಲಿಲ್ಲ. ತಲೆ ತಗ್ಗಿಸಿಕೊಂಡೇ ಬಾಯಿಬಿಟ್ಟ. “ಅವ್ವಾ, ಖರೇ ಹೇಳಬೇಕಂದ್ರ ನನಗ...”

“ಅವರಿಗೆ ತಡಾ ಆಗೈತಿ ಬೇ,” ಎಂದು ಗೌತಮ ಅವನ ತೋಳು ಹಿಡಿದು ಅಂಗಳಕ್ಕೆ ಕರೆತಂದ.

“ಆರ್ಡರ್ ನಿಮಗ ಕೊಟ್ಟೇವ್ರಿ. ನಿಮ್ಮ ಪೈಪ್ ಚಲೋ ಅದಾವ, ಅದಕ್ಕ. ಇನ್ಮ್ಯಾಲ ನನಗ ಅಣ್ಣಾ ಅನಬ್ಯಾಡ್ರಿ.” ಆಮೇಲೆ ದನಿ ತಗ್ಗಿಸಿದ. “ಅವ್ವಗ ಮಾತ್ರ ಖರೇ ಹೇಳಬ್ಯಾಡ್ರಿ. ಎರಡು ದಿನ ಕುಂತು ಕುಟ್ಯಾಳ. ನಿಮಗ ಸಕ್ಕರೀನ ಐತಿ ಅಂತ ತಿಳಕೊಂಡಿರಲಿ.”

ಸಿದ್ದಲಿಂಗೇಶ ಡಬ್ಬಿ ಹಿಡಿದು ಬೈಕ್ ಹತ್ತುತ್ತಿದ್ದಂತೆ ಒಳಗಿನಿಂದ ಹನಮವ್ವ ಕೂಗಿದಳು:

“ಯಪ್ಪಾ, ಪುಡಿ ತೀರಿದ ಕೂಡ್ಲೇ ಬಾ ಮತ್ತ. ಇನ್ನೊಂದಿಷ್ಟು ಕುಟ್ಟಿ ಕೊಡತೀನಿ.”