ಆಚೆ ದಂಡೆಯ ತಂಗಿ

ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ... ನೀವೂ ಓದಿ.

ಕೃಷ್ಣಾ ನದಿ ದಂಡೆಯ ಒಂದು ಹಳ್ಳಿ. ಅಲ್ಲಿ ಗುರವ್ವ ಎಂಬ ಮುದುಕಿ. ಅವಳ ತಂಗಿ ನೀಲವ್ವನನ್ನು ಕೊಟ್ಟಿದ್ದು ನದಿಯ ಆಚೆ ಊರಿಗೆ.

ದೋಣಿಯಲ್ಲಿ ಹತ್ತೇ ನಿಮಿಷ. ಆದರೆ ದೋಣಿ ಕೆಟ್ಟು ನಿಂತಿತ್ತು...

ರಸ್ತೆಯಲ್ಲಿ ಸುತ್ತಿ ಹೋದರೆ ಅರವತ್ತು ಕಿಲೋಮೀಟರ್, ಮೂರು ಬಸ್. ಗುರವ್ವನ ಮೊಣಕಾಲು ಕೇಳಬೇಕಲ್ಲ? ನೀಲವ್ವನಿಗೆ ಕಿವಿ ಕೇಳಿಸದು, ಫೋನೂ ಉಪಯೋಗವಿಲ್ಲ.

ಎಲೆಕ್ಷನ್ ಬಂತು. ರುದ್ರಗೌಡರು ವೋಟು ಕೇಳಲು ಬಂದರು. ಗುರವ್ವ ಚಹಾ ಕೊಟ್ಟು ಕೇಳಿದ್ದು ಒಂದೇ...

"ದೋಣಿ ಸುರು ಮಾಡಸ್ರಿ ಗೌಡ್ರ. ತಂಗಿ ಮಾರಿ ನೋಡಬೇಕು."

"ಗೆದ್ದ ತಿಂಗಳದಾಗ ದೋಣಿ ಬರತೈತಿ ಯವ್ವಾ."

ಗೌಡರು ಗೆದ್ದರು. ಶಾಸಕರಾದರು.

ಅಂದಿನಿಂದ ಗುರವ್ವ ದಿನಾ ಬೆಳಿಗ್ಗೆ ನದಿಗೆ ಹೋಗಿ ದೋಣಿಗೆ ಕಾಯುತ್ತಿದ್ದಳು. ಸುದ್ದಿ ತಿಳಿದು ಆಚೆ ದಂಡೆಗೆ ನೀಲವ್ವನೂ ಬರುತ್ತಿದ್ದಳು.

ಮುಖ ಕಾಣುತ್ತಿರಲಿಲ್ಲ... ಸೀರೆಯ ಬಣ್ಣ ಮಾತ್ರ. ಇವಳು ಕೈ ಎತ್ತಿದರೆ ಅವಳೂ ಎತ್ತುತ್ತಿದ್ದಳು. ಅಷ್ಟೇ ಅವರ ಮಾತು.

ಹೀಗೇ ನಾಲ್ಕು ವರ್ಷ...

ಒಂದು ದಿನ ಆಚೆ ದಂಡೆಯಲ್ಲಿ ಯಾರೂ ಇರಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ಫೋನ್ ಬಂತು... ನೀಲವ್ವ ಹೋಗಿಬಿಟ್ಟಿದ್ದಳು.

ಯಾರದೋ ಜೀಪು ಹಿಡಿದು ಸುತ್ತಿಕೊಂಡು ಹೋಗುವಷ್ಟರಲ್ಲಿ ಮಣ್ಣೂ ಆಗಿತ್ತು. ನೀಲವ್ವನ ಸೊಸೆ ಅಳುತ್ತಾ ಹೇಳಿದಳು...

"ಜ್ವರದಾಗೂ ಒಂದ ಮಾತು. 'ದಂಡಿಗೆ ಕರ್ಕೊಂಡು ಹೋಗ್ರಿ, ಅಕ್ಕ ಕಾಯ್ತಿರ್ತಾಳ' ಅಂತಿದ್ರು."

ಮೂರು ತಿಂಗಳ ಮೇಲೆ ಗೌಡರು ಮತ್ತೆ ಊರಿಗೆ ಬಂದರು. ಎಲೆಕ್ಷನ್ ಹತ್ತಿರವಾಗುತ್ತಿತ್ತು.

"ಈ ಸಲ ದೋಣಿ ಖಂಡಿತ ಯವ್ವಾ..."

ಗುರವ್ವ ಸಿಟ್ಟಾಗಲಿಲ್ಲ. ತಂಗಿಯ ಸುದ್ದಿ ಹೇಳಿ, ಚಹಾ ಮುಂದಿಟ್ಟಳು.

"ವೋಟು ಹಾಕ್ತೀನ್ರಿ ಗೌಡ್ರ. ಆದ್ರ ಮಾತು ಕೊಡಬ್ಯಾಡ್ರಿ. ಕೊಟ್ಟು ಮರಿಯೋರು ನೀವು... ಕಾಯೋರು ನಾವು."

ಗೌಡರು ಚಹಾ ಅಲ್ಲೇ ಬಿಟ್ಟು ಎದ್ದರು. ನೇರ ಆಫೀಸಿಗೆ ಹೋಗಿ ದೋಣಿಯ ಫೈಲ್ ತೆಗೆಸಿದರು.

ನಾಲ್ಕು ವರ್ಷದಿಂದ ಅದರಲ್ಲಿ ಬೇಕಾಗಿದ್ದದ್ದು ಅವರದೇ ಒಂದು ಪತ್ರ... ಒಂದು ಸಹಿ!

ಸಹಿ ಹಾಕಿದ ಹನ್ನೆರಡನೇ ದಿನಕ್ಕೆ ದೋಣಿ ನೀರಿಗಿಳಿಯಿತು. ಗೌಡರೇ ಕೈ ಹಿಡಿದು ಗುರವ್ವನನ್ನು ಹತ್ತಿಸಿದರು.

ಆಚೆ ದಂಡೆ ಬಂತು. ಗುರವ್ವ ಇಳಿಯಲಿಲ್ಲ. ತಾನು ಬಂದ ದಾರಿಯನ್ನೇ ತಿರುಗಿ ನೋಡಿದಳು. ಮೆಲ್ಲಗೆ ಅಂದಳು...

"ಇಷ್ಟ ಹತ್ರ ಇದ್ಲಾ ನನ್ನ ತಂಗಿ..."



ಕೊಟ್ಟ ಮಾತನ್ನು ನಾಳೆಯೂ ನಡೆಸಬಹುದು... ಕಾಯುವ ಜೀವ ನಾಳೆಯವರೆಗೆ ಇರಬೇಕಲ್ಲ.

ಶಾಸಕರನ್ನು ಕೇಳೋಣ, ಕೇಳಲೇಬೇಕು... ಆದರೆ ನಾವು "ಮಾಡ್ತೀನಿ", "ಬರ್ತೀನಿ" ಅಂದ ಮಾತು ನಂಬಿ ಇವತ್ತು ಯಾರು ಕಾಯುತ್ತಿದ್ದಾರೆ?